ಇಲ್ಲದ ತೂತುಗಳ ಲೆಕ್ಕ

ಇಂದಿನ ಮಕ್ಕಳು ಫ್ಲಾಪಿಯನ್ನು ನೋಡಿರುವುದು ಕಂಪ್ಯೂಟರ್ ಪರದೆಯ ‘ಸೇವ್’ ಚಿತ್ರದಲ್ಲಷ್ಟೆ. ಅದನ್ನು ಕೈಯಾರೆ ಬಳಸಿದ ಹಿರಿಯರಲ್ಲೂ, ಒಳಗಿನ ತಟ್ಟೆಗೆ ತೂತು ಏಕೆ ಎಂದು ಯೋಚಿಸಿದವರು ಕಡಿಮೆ.

ಅಮೆರಿಕದ ಶುಗಾರ್ಟ್ ಕಂಪನಿ 1976ರಲ್ಲಿ ತಂದ ಐದೂಕಾಲು ಅಂಗುಲದ ಫ್ಲಾಪಿ ಡ್ರೈವ್ ನಿಮಿಷಕ್ಕೆ 300 ಸುತ್ತು ತಿರುಗುತ್ತಿತ್ತು. ಅಂದರೆ ಸುತ್ತಿಗೆ 200 ಮಿಲಿಸೆಕೆಂಡ್. ತಿರುಗುವ ತಟ್ಟೆಯಲ್ಲಿ ಬರಹದ ಆರಂಭ ಎಲ್ಲಿ? ತೂತಿನ ಮೂಲಕ ಬೆಳಕು ಹಾಯ್ದೊಡನೆ ಒಂದು ವಿದ್ಯುತ್ ಮಿಡಿತ ಹುಟ್ಟುತ್ತದೆ, ಅದೇ ಗುರುತು. ಸಾಮಾನ್ಯ ಫ್ಲಾಪಿಗೆ ಇಂಥ ತೂತು ಒಂದೇ. ಆದರೆ ಹೀತ್‌ಕಿಟ್ ಎಚ್-89ರಂಥ ಯಂತ್ರಗಳು ಹನ್ನೊಂದು ತೂತಿನ ತಟ್ಟೆ ಬಯಸುತ್ತಿದ್ದವು. ಹತ್ತು ತೂತುಗಳು ಹತ್ತು ಸೆಕ್ಟರ್‌ಗಳ ಬಾಗಿಲು. ಹನ್ನೊಂದನೆಯದು ಎರಡು ತೂತುಗಳ ನಟ್ಟನಡುವೆ ಇದ್ದು, ‘ಮುಂದಿನದೇ ಮೊದಲನೆಯದು’ ಎಂದು ಸಾರುತ್ತಿತ್ತು.

ಈ ತಟ್ಟೆಗಳ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಉಳಿದವಕ್ಕೆ ಬೂಷ್ಟು ಹಿಡಿಯುತ್ತಿದೆ, ಕಾಂತೀಯ ಲೇಪ ಉದುರುತ್ತಿದೆ. ಯಂತ್ರ ಗಟ್ಟಿಯಾಗಿದ್ದರೂ ಬರೆಯಲು ಹಲಗೆಯಿಲ್ಲದ ಸ್ಥಿತಿ! ಕೈಯಿಂದ ತೂತು ಕೊರೆಯಬಹುದು. ಆದರೆ ಒಂದು ತೂತು ಓರೆಯಾದರೂ ಆ ಸೆಕ್ಟರ್ ತನ್ನ ಜಾಗ ಬಿಟ್ಟು ಸರಿಯುತ್ತದೆ.

ಹವ್ಯಾಸಿಗಳು ಕಂಡುಕೊಂಡ ಉಪಾಯ ಬೇರೆ. ಡ್ರೈವ್‌ಗೂ ಕಂಪ್ಯೂಟರಿಗೂ ನಡುವೆ ಒಂದು ಪುಟ್ಟ ಮೈಕ್ರೋಕಂಟ್ರೋಲರ್ ಕೂಡಿಸಿ, ಸಾಮಾನ್ಯ ಫ್ಲಾಪಿಯ ಒಂದೇ ಮಿಡಿತದಿಂದ ಹನ್ನೊಂದನ್ನು ಹುಟ್ಟಿಸುವುದು. ನಿಜವಾದ ತೂತು ಬಂದಾಗ ಮೊದಲ ಮಿಡಿತ. ಆಮೇಲೆ 20, 40 ಹೀಗೆ 180ನೆಯ ಮಿಲಿಸೆಕೆಂಡ್‌ವರೆಗೆ ಒಂಬತ್ತು. 190ರಲ್ಲಿ ಆ ನಡುವಿನ ತೂತಿನದು. ಎಳೆಯ ಮಕ್ಕಳ ಮಗ್ಗಿಯಷ್ಟೇ ಸುಲಭ ಅನ್ನಿಸುತ್ತದೆ, ಅಲ್ಲವೆ?

ತೊಡಕಿರುವುದು ಮೋಟಾರಿನಲ್ಲಿ. ಹಳೆಯ ಮೋಟಾರು ನೂರಕ್ಕೆ ಒಂದರಷ್ಟು ನಿಧಾನವಾದರೆ ಸುತ್ತಿಗೆ 202 ಮಿಲಿಸೆಕೆಂಡ್ ಹಿಡಿಯುತ್ತದೆ. ಗಡಿಯಾರ ಮಾತ್ರ ನೋಡಿ 20ಕ್ಕೊಂದರಂತೆ ಮಿಡಿತ ಕೊಟ್ಟರೆ, ಕೊನೆಯ ಸೆಕ್ಟರ್ ಹೊತ್ತಿಗೆ ಹೆಚ್ಚುಕಡಿಮೆ 2 ಮಿಲಿಸೆಕೆಂಡ್ ವ್ಯತ್ಯಾಸ. ಒಂದು ವೇಗದಲ್ಲಿ ಬರೆದ ತಟ್ಟೆಗೆ ಇನ್ನೊಂದು ವೇಗದಲ್ಲಿ ಮತ್ತೆ ಬರೆದರೆ ಪಕ್ಕದ ಸೆಕ್ಟರಿನ ಅಕ್ಷರಗಳು ಅಳಿಸಿಹೋಗಬಹುದು. ಅದಕ್ಕೇ ಜಾಣ ಮಂಡಲವು 200 ಎಂದು ನಂಬಿ ಕೂರುವುದಿಲ್ಲ. ಹಿಂದಿನ ಸುತ್ತು ಎಷ್ಟು ಹೊತ್ತು ಹಿಡಿಯಿತೆಂದು ಅಳೆದು, ಅದನ್ನು ಹತ್ತರಿಂದ ಭಾಗಿಸಿ, ಮುಂದಿನ ಸುತ್ತಿಗೆ ಹಂಚುತ್ತದೆ. ಪ್ರತಿ ಸುತ್ತಿಗೂ ಹೊಸ ಅಳತೆ.

ಎಚ್-89ರ ಇಂಥ ಒಂದು ತಟ್ಟೆಯಲ್ಲಿ 40 ಪಥ, ಪಥಕ್ಕೆ 10 ಸೆಕ್ಟರ್, ಸೆಕ್ಟರಿಗೆ 256 ಬೈಟ್, ಒಟ್ಟು 1,02,400. ಇಂದಿನ ಫೋನಿನ ಒಂದು ಫೋಟೋಗೂ ಸಾಲದು. ಯಾರದೋ ಮೊದಲ ಪ್ರೋಗ್ರಾಂ, ಮನೆಯ ಜಮಾಖರ್ಚು ಅಷ್ಟರಲ್ಲೇ ಹಿಡಿಸಿದ್ದವು. ಲೇಪವೇ ಉದುರಿದ ತಟ್ಟೆಗೆ ಯಾವ ಮಿಡಿತವೂ ಜೀವ ತುಂಬಲಾರದು. ಹಾಗಾಗಿ ಒಂದು ಡ್ರೈವ್‌ನಲ್ಲಿ ಹಳೆಯ ತಟ್ಟೆ, ಇನ್ನೊಂದರಲ್ಲಿ ಒಂಟಿ ತೂತಿನ ತಟ್ಟೆ ಇಟ್ಟು, ಓದಲು ಬರುವಷ್ಟನ್ನು ಈಗಲೇ ನಕಲು ಮಾಡಿಕೊಳ್ಳುತ್ತಿದ್ದಾರೆ.