ಕಾಯಕದ ಓಡಾಟ, ಮನೆಯ ಓಡಾಟ

ಕಾಯಕವೆಂಬ ಮಾತನ್ನು ನಾವು ಬಲು ಧಾರಾಳವಾಗಿ ಬಳಸುತ್ತೇವೆ. ಅದರ ಲೆಕ್ಕದ ಪುಸ್ತಕವನ್ನು ಮಾತ್ರ ಆಡಿಟರಿಗೆ ಬಿಟ್ಟುಬಿಡುತ್ತೇವೆ. ಮಿರ್ಲೆಯಲ್ಲಿ ನನ್ನ ತಮ್ಮನದು ಬೀಜ-ಗೊಬ್ಬರದ ಅಂಗಡಿ. ಸರಕಿಗೆಂದು, ಬ್ಯಾಂಕಿಗೆಂದು, ಬಾಕಿ ವಸೂಲಿಗೆಂದು ಸ್ವಂತ ಕಾರಿನಲ್ಲಿಯೇ ಕೃಷ್ಣರಾಜನಗರಕ್ಕೂ ಮೈಸೂರಿಗೂ ಓಡಾಡುತ್ತಾನೆ. ಸುತ್ತೂರು ಜಾತ್ರೆಗೂ ನೆಂಟರಿಷ್ಟರ ಮದುವೆಗಳಿಗೂ ಮನೆಮಂದಿ ಹೋಗಿಬರುವುದು ಅದೇ ಕಾರಿನಲ್ಲಿ. ವರ್ಷದ ಕೊನೆಗೆ ಪೆಟ್ರೋಲಿನ ರಸೀತಿಗಳನ್ನೆಲ್ಲ ಒಂದೇ ಕಂತೆ ಕಟ್ಟಿ ಅಂಗಡಿಯ ಖರ್ಚಿಗೆ ಬರೆಸಬೇಕೆಂಬುದು ಅವನ ಎಣಿಕೆ. “ಎಲ್ಲರೂ ಹಾಗೇ ಬರೆಸುತ್ತಾರಲ್ಲ ಅಣ್ಣ” ಎಂದ.

ಕಾನೂನು ಹಾಗೆ ಹೇಳುವುದಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 37ನೆಯ ಕಲಮು ಸಂಪೂರ್ಣವಾಗಿ ವ್ಯಾಪಾರಕ್ಕೆಂದೇ ಮಾಡಿದ ವೆಚ್ಚವನ್ನು ಕಳೆಯಲು ಒಪ್ಪಿತು. ಎರಡಕ್ಕೂ ಬಳಕೆಯಾಗುವ ವಾಹನಕ್ಕೆ 38ನೆಯ ಕಲಮು ನ್ಯಾಯವಾದ ಪಾಲನ್ನಷ್ಟೇ ಕೊಟ್ಟಿತು. 2026ರ ಏಪ್ರಿಲ್ 1 ಜಾರಿಯ ದಿನವಾಗಿ ನಿಗದಿಯಾದ 2025ರ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬದಲಾಗಿದೆ, ತತ್ತ್ವ ಬದಲಾಗಿಲ್ಲ. ಕಾರು ವರ್ಷಕ್ಕೆ 12,000 ಕಿ.ಮೀ. ಓಡಿ, ಅದರಲ್ಲಿ 7,500 ಕಿ.ಮೀ. ಅಂಗಡಿಯದಾದರೆ, ಪೆಟ್ರೋಲು, ವಿಮೆ, ದುರಸ್ತಿಗೆ ತಗುಲಿದ 1,20,000 ರೂಪಾಯಿಯಲ್ಲಿ 75,000 ಮಾತ್ರ ಅಂಗಡಿಗೆ. ಶೇ. 15ರ ಸವಕಳಿಗೂ ಇದೇ ಪ್ರಮಾಣ. ಲೆಕ್ಕಪುಸ್ತಕವಿಡದೆ ವಹಿವಾಟಿನ ಶೇ. 8 ಅಥವಾ 6ನ್ನು ಲಾಭವೆಂದು ತೋರಿಸುವ ಸಣ್ಣ ವ್ಯಾಪಾರಿಗಳು ಪೆಟ್ರೋಲನ್ನು ಮತ್ತೆ ಬೇರೆಯಾಗಿ ಕಳೆಯುವಂತಿಲ್ಲ.

ಇದಕ್ಕೆ ದಾರಿ ಮಾಡಿದವಳು ತಮ್ಮನ ಹೆಂಡತಿ. ಕಾರಿನಲ್ಲಿ ಒಂದು ನೋಟ್‌ಬುಕ್ ಇಟ್ಟಳು: ದಿನಾಂಕ, ಹೋದ ಊರು, ಕೆಲಸ, ಮೀಟರಿನ ಅಂಕಿ. ಭತ್ತದ ಗದ್ದೆಗೆ ಹೋದದ್ದನ್ನು ಅಂಗಡಿಯ ಸಾಲಿನಿಂದ ಹೊಡೆದುಹಾಕಿದಳು. ಬೇಸಾಯದ ಆದಾಯಕ್ಕೆ ಈ ತೆರಿಗೆಯೇ ಇಲ್ಲವಾದ್ದರಿಂದ ಅದರ ಖರ್ಚನ್ನು ಗೊಬ್ಬರದ ಲಾಭದಲ್ಲಿ ಕಳೆಯುವುದು ಸಲ್ಲದು. ಜಾತ್ರೆಯಲ್ಲಿ ಇಬ್ಬರು ಗಿರಾಕಿಗಳು ಸಿಕ್ಕಿದ್ದರೆಂದು ತಮ್ಮ ವಾದಿಸಿದ. “ಗದ್ದುಗೆಯ ದರ್ಶನಕ್ಕೆ ಹೋದದ್ದನ್ನು ಗೊಬ್ಬರದ ಲೆಕ್ಕಕ್ಕೆ ಬರೆಯಲೇನು, ಹೇಳಿ” ಎಂದಳಾಕೆ. ನನಗೆ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆಕೆ ಮೆಚ್ಚಲಿಲ್ಲ, ಹಿಂದಕ್ಕೆ ಕಳುಹಿಸಿದಳು. ಆ ಅಕ್ಕಿಯನ್ನು ಅವನು ಕದ್ದಿರಲಿಲ್ಲ ಎಂಬುದನ್ನು ನಾವು ಮರೆಯುತ್ತೇವೆ.

ಆದರೆ ಇವರ ಮಗಳು ಶಿಕ್ಷಕಿ, ದಿನವೂ ಸ್ಕೂಟರಿನಲ್ಲಿ ಶಾಲೆಗೆ ಹೋಗುವವಳು. ಅವಳ ಪೆಟ್ರೋಲಿಗೆ ಯಾವ ಕಲಮೂ ಇಲ್ಲ. ತಿಂಗಳಿಗೆ 1,600 ರೂಪಾಯಿಯ ಸಾರಿಗೆ ಭತ್ಯೆಯ ವಿನಾಯಿತಿಯನ್ನು 2018ರಲ್ಲಿ ತೆಗೆದು, ಸಂಬಳದಾರರಿಗೆಲ್ಲ ಒಂದೇ ಮೊತ್ತದ ಕಡಿತ ಕೊಟ್ಟರು. 2024-25ರಿಂದ ಹೊಸ ಪದ್ಧತಿಯಲ್ಲಿ ಅದು 75,000 ರೂಪಾಯಿ. ಶಾಲೆಯ ಬಳಿ ಮನೆಯಿದ್ದವರಿಗೂ ಅಷ್ಟೇ, ದೂರದಿಂದ ಬರುವವರಿಗೂ ಅಷ್ಟೇ. ಇದು ನನಗೆ ಸರಿಕಾಣದು. ಆಕೆಯೇನೋ ನಗುತ್ತಾಳೆ: “ದೊಡ್ಡಪ್ಪ, ನನಗೆ ನೋಟ್‌ಬುಕ್ ಬರೆಯುವ ಕೆಲಸವಾದರೂ ತಪ್ಪಿತಲ್ಲ!”