ಪಂದ್ಯದ ದಾರಿಯಲ್ಲಿ ಗುಂಡ್ಲುಪೇಟೆ

ಮೈಸೂರಿನಿಂದ ಉದಕಮಂಡಲಕ್ಕೆ ಹೊರಟ ಪ್ರವಾಸಿಗೆ ಗುಂಡ್ಲುಪೇಟೆಯೆಂದರೆ ಕಾಫಿಗಾಗಿ ಬಸ್ಸು ನಿಲ್ಲುವ ಊರು, ಅಷ್ಟೆ. ಹಿಂದೆ 60 ಕಿಲೋಮೀಟರು ದೂರದಲ್ಲಿ, ಚಾಮುಂಡಿ ಬೆಟ್ಟದ ಬುಡದಲ್ಲಿ, ಮೈಸೂರಿನ ಕುದುರೆ ಪಂದ್ಯದ ಮೈದಾನ. ಮುಂದೆ ಬಂಡೀಪುರದ ಕಾಡನ್ನೂ ನೀಲಗಿರಿಯ ಏರನ್ನೂ ದಾಟಿದರೆ ಉದಕಮಂಡಲದಲ್ಲಿ ಇನ್ನೊಂದು ಮೈದಾನವಿತ್ತು. ಬೇಸಗೆಯ ಪಂದ್ಯಗಳಿಗೆ ಹೆಸರಾಗಿದ್ದ ಅದನ್ನು 2024ರಲ್ಲಿ ತಮಿಳುನಾಡು ಸರ್ಕಾರ ತನ್ನ ವಶಕ್ಕೆ ತೆಗೆದುಕೊಂಡಿತು. ಹೀಗೆ ಬಹುಕಾಲ ಎರಡು ಪಂದ್ಯಗಳ ನಡುವೆ ಕುಳಿತಿದ್ದರೂ ಗುಂಡ್ಲುಪೇಟೆಯ ರೈತ ನಂಬಿದ್ದು ಎತ್ತನ್ನೇ ಹೊರತು ಕುದುರೆಯನ್ನಲ್ಲ.

ಕುದುರೆ ಪಂದ್ಯ ಕೇವಲ ಜೂಜಲ್ಲ, ಉಳ್ಳವರ ಹಬ್ಬವೂ ಹೌದು. ಇಂಗ್ಲೆಂಡಿನ ಆಸ್ಕಟ್ ಮೈದಾನದಲ್ಲಿ ಒಂದು ದಿನಕ್ಕೆ ‘ಮಹಿಳೆಯರ ದಿನ’ ಎಂಬ ಹೆಸರೇ ಉಂಟು. ಆಸ್ಟ್ರೇಲಿಯದಲ್ಲಿ 1861ರಿಂದ ನಡೆದುಬಂದಿರುವ ಮೆಲ್ಬರ್ನ್ ಕಪ್ಪಿನ ದಿನ ಊರೂರುಗಳಲ್ಲಿ ಔತಣಕೂಟಗಳನ್ನು ಏರ್ಪಡಿಸಿ, ಧರ್ಮಕಾರ್ಯಗಳಿಗೂ ಮಹಿಳೆಯರ ಏಳಿಗೆಗೂ ಹಣ ಕೂಡಿಸುವ ವಾಡಿಕೆಯಿದೆ. ಬಣ್ಣಬಣ್ಣದ ಟೋಪಿಗಳಿಗೆ ತೆತ್ತ ಹಣವನ್ನೇ ನಿಧಿಗೆ ಕೊಡಬಾರದೇ ಎಂದು ಕೇಳುವವರು ಇದ್ದಾರು. ಆದರೆ ಊಟ ಉಪಚಾರಗಳಿಲ್ಲದೆ ವಂತಿಗೆ ಎತ್ತುವುದು ಎಷ್ಟು ಕಷ್ಟವೆಂಬುದನ್ನು ರಾಮೋತ್ಸವ ನಡೆಸುವ ಸಮಿತಿಯವರೆಲ್ಲ ಬಲ್ಲರು! ಅದೇ ಪಂದ್ಯದ ಕಣದಲ್ಲಿ ಪ್ರಾಣವನ್ನೇ ತೆತ್ತವರೂ ಉಂಟು. 1913ರ ಜೂನ್ 4ರಂದು, ಮಹಿಳೆಯರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡುತ್ತಿದ್ದ ಎಮಿಲಿ ಡೇವಿಸನ್ ಅವರು ಎಪ್ಸಮ್ ಡರ್ಬಿಯಲ್ಲಿ ದೊರೆಯ ಕುದುರೆಯೆದುರಿಗೆ ನುಗ್ಗಿದರು. ನಾಲ್ಕು ದಿನಗಳ ತರುವಾಯ ಮೃತರಾದರು.

ಮೈಸೂರು ಸೀಮೆಯ ಕತೆ ಬೇರೆ. 1891ರಲ್ಲಿ, ಚಾಮರಾಜೇಂದ್ರ ಒಡೆಯರ ಆಳಿಕೆಯಲ್ಲಿ, ಮೈಸೂರಿನ ರೇಸ್ ಕ್ಲಬ್ ಹುಟ್ಟಿತು. ಮೂರು ವರ್ಷ ಕಳೆಯುವಷ್ಟರಲ್ಲಿ ಅರಸರು ಕಲ್ಕತ್ತೆಯಲ್ಲಿ ಕಾಲವಾದರು. ಪಟ್ಟಕ್ಕೆ ಬರಬೇಕಾದ ಕುಮಾರನಿನ್ನೂ ಎಳೆಯ. 1895ರಿಂದ 1902ರವರೆಗೆ ರಾಜ್ಯವನ್ನಾಳಿದವರು ಮಹಾರಾಣಿ ಕೆಂಪನಂಜಮ್ಮಣ್ಣಿಯವರು, ವಾಣಿವಿಲಾಸ ಸನ್ನಿಧಾನ. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು ಅವರ ಕಾಲದಲ್ಲಿಯೇ. 1923ರಲ್ಲಿ ಮೈಸೂರು ಸಂಸ್ಥಾನ ಮಹಿಳೆಯರಿಗೂ ಮತದ ಹಕ್ಕನ್ನು ತೆರೆಯಿತು. ಇಂಗ್ಲೆಂಡಿನ ಹೆಣ್ಣುಮಕ್ಕಳಿಗೆ ಗಂಡಸರಿಗೆ ಸಮನಾದ ಮತಾಧಿಕಾರ ದೊರೆಯಲು 1928 ಬರಬೇಕಾಯಿತು.

ಗುಂಡ್ಲುಪೇಟೆಯಿಂದ ಮೂಡಣಕ್ಕೆ ತಿರುಗಿದರೆ 35 ಕಿಲೋಮೀಟರಿನಾಚೆ ಚಾಮರಾಜನಗರ. ಹಿಂದೆ ಇದರ ಹೆಸರು ಅರಿಕುಠಾರ. 1774ರಲ್ಲಿ ಇಲ್ಲಿ ಹುಟ್ಟಿದ ಖಾಸಾ ಚಾಮರಾಜ ಒಡೆಯರ ನೆನಪಿಗಾಗಿ ಮಗ ಮುಮ್ಮಡಿ ಕೃಷ್ಣರಾಜರು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟರು. ಚಾಮರಾಜೇಶ್ವರನ ಗುಡಿಯನ್ನೂ ಕಟ್ಟಿಸಿದರು. ಜನನ ಮಂಟಪವನ್ನು ನೋಡಹೋದವರು ಆ ಹೆಸರುಗಳನ್ನೆಲ್ಲ ಕೇಳಿಬರುತ್ತಾರೆ. ಲಕ್ಷ್ಮಮ್ಮಣ್ಣಿಯವರ ಹೆಸರನ್ನು ಕೇಳುವವರು ವಿರಳ. ಹೈದರನ ಕಾಲದಿಂದ ಟಿಪ್ಪುವಿನ ಕೊನೆಯವರೆಗೆ ಅರಮನೆಯ ಆಸೆಯನ್ನು ಆರದಂತೆ ಕಾಪಾಡಿದ, 1782ರಲ್ಲಿ ತಿರುಮಲರಾಯರ ಮೂಲಕ ಇಂಗ್ಲಿಷರೊಡನೆ ಒಪ್ಪಂದ ಮಾಡಿಸಿದ ರಾಣಿ ಅವರು. 1799ರಲ್ಲಿ ಐದು ವರ್ಷದ ಮುಮ್ಮಡಿಯವರು ಸಿಂಹಾಸನವೇರಿದ್ದರ ಹಿಂದೆ ಆಕೆಯ ಪಟ್ಟು ಇತ್ತು. ಊರಿನ ಹೆಸರು ಮಾತ್ರ ಗಂಡಸರದೇ ಉಳಿಯಿತು.

ಅದು ಅರಸೊತ್ತಿಗೆಯ ಮಾತು. ಪ್ರಜೆಗಳೇ ಆರಿಸುವ ಕಾಲ ಬಂದಾಗ ಗುಂಡ್ಲುಪೇಟೆ ಮಾಡಿದ್ದೇನು? 1957ರಲ್ಲಿ ಕೆ. ಎಸ್. ನಾಗರತ್ನಮ್ಮನವರನ್ನು ವಿಧಾನಸಭೆಗೆ ಕಳುಹಿಸಿತು. ಒಂದಲ್ಲ, ಎರಡಲ್ಲ, ಒಟ್ಟು ಏಳು ಸಲ ಆರಿಸಿತು! 1972ರಲ್ಲಿ ಅವರು ಸಭಾಧ್ಯಕ್ಷರಾದರು; ಆ ಪೀಠವೇರಿದ ಮೊದಲ ಮಹಿಳೆ. ಮರುವರ್ಷ ನವೆಂಬರ್ 1ರಂದು ಮೈಸೂರು ರಾಜ್ಯ ‘ಕರ್ನಾಟಕ’ವಾದಾಗ ಸಭೆಯನ್ನು ನಡೆಸುತ್ತಿದ್ದವರು ಅವರೇ. ಮುಂದೆ ವಿರೋಧಪಕ್ಷದ ನಾಯಕಿಯೂ ಆದರು. ಔತಣಕೂಟದ ನಿಧಿಯಿಂದಾಗಲಿ, ಮಹನೀಯರ ಶಿಫಾರಸಿನಿಂದಾಗಲಿ ಏಳು ಚುನಾವಣೆಗಳನ್ನು ಗೆಲ್ಲಲಾಗದು. ಅರಿಸಿನದ ಹೊಲದವರು, ಸಂತೆಯವರು ಒಪ್ಪಬೇಕು. ಸೋಜಿಗವೆಂದರೆ, 1978ರಲ್ಲಿ ಅವರು ಇಳಿದ ಪೀಠವನ್ನು ಮತ್ತೊಬ್ಬ ಮಹಿಳೆ ಇನ್ನೂ ಏರಿಲ್ಲ. 2017ರ ಉಪಚುನಾವಣೆಯಲ್ಲಿ ಗೀತಾ ಮಹದೇವಪ್ರಸಾದ್ ಅವರನ್ನು ಗೆಲ್ಲಿಸಿ, ಅದೇ ವರ್ಷ ಅವರು ಮಂತ್ರಿಣಿಯಾದುದನ್ನೂ ಗುಂಡ್ಲುಪೇಟೆ ಕಂಡಿತು.

ಮಳೆ ಹಿಡಿದ ತಿಂಗಳುಗಳಲ್ಲಿ ಈ ದಾರಿಯ ಎರಡು ಬದಿಗೂ ಚೆಂಡುಹೂವಿನ, ಸೂರ್ಯಕಾಂತಿಯ ಹೊಲಗಳು ಅರಳುತ್ತವೆ. ಕೇರಳದಿಂದ ಬಂದವರು ಕಾರು ನಿಲ್ಲಿಸಿ ಫೋಟೋ ಹಿಡಿಯುತ್ತಾರೆ. ಹೂ ಬಿಡಿಸುವವರಲ್ಲಿ ಹೆಂಗಸರೇ ಹೆಚ್ಚು. ಗ್ರಾಮ ಪಂಚಾಯಿತಿಗಳ ಅರ್ಧದಷ್ಟು ಸ್ಥಾನಗಳು ಈಗ ಮಹಿಳೆಯರಿಗೆ ಮೀಸಲು. ಕೂಲಿಯನ್ನೇ ನಂಬಿದ ಸದಸ್ಯೆ ಸಭೆಗೆ ಹೊರಟರೆ ಆ ದಿನದ ಸಂಪಾದನೆ ಹೋಯಿತು, ಬಸ್ಸಿನ ದುಡ್ಡು ಬೇರೆ. ಪಂದ್ಯದ ಮೈದಾನದ ನೆರಳಿನಲ್ಲಿ ಕೂಡಿದ ವಂತಿಗೆ ಇಷ್ಟು ದೂರ ಬರುವುದು ಅಪರೂಪ. ಉದಕಮಂಡಲದ ಪ್ರವಾಸಿಗಳಿಗಾದರೋ ಇಲ್ಲಿ ಹೆಚ್ಚು ಹೊತ್ತು ನಿಲ್ಲಲು ಪುರುಸೊತ್ತಿಲ್ಲ. ರಾತ್ರಿ 9 ಗಂಟೆಗೆ ಬಂಡೀಪುರದ ಗೇಟು ಮುಚ್ಚುತ್ತದೆ.