ಮುಂದೆ ಆಡುವವನನ್ನು ಹಿಂದಕ್ಕೆ ಕರೆದೆ

ಗೋಲು ಹೊಡೆಯುವ ಹುಡುಗನನ್ನು ಕೊಟ್ಟು, ಗೋಲು ಹೊಡೆಯದ ಹುಡುಗನನ್ನು ತಂದವನು ಎಂದು ಬೆಂಗಳೂರಿನ ಬಿನ್ನಿಪೇಟೆಯಲ್ಲಿ ನನಗೆ ಇವತ್ತಿಗೂ ಹೆಸರಿದೆ. ಕಾಟನ್‌ಪೇಟೆ, ಮಾಗಡಿ ರಸ್ತೆ, ರೈಲ್ವೆ ಕಾಲೊನಿ ಕಡೆಯ ಹುಡುಗರನ್ನು ಕಟ್ಟಿಕೊಂಡು ನಡೆಸುತ್ತಿದ್ದ ಸಣ್ಣ ಹಾಕಿ ತಂಡ ನಮ್ಮದು. ಆ ವರ್ಷ ಇನ್ನೊಂದು ಕ್ಲಬ್ಬಿನವರ ಜೊತೆ ಮಾತಾಡಿ ನಮ್ಮ ಸೆಂಟರ್ ಫಾರ್ವರ್ಡನ್ನು ಅವರಿಗೆ ಬಿಟ್ಟುಕೊಟ್ಟೆ. ಅವರ ಇನ್‌ಸೈಡ್ ಫಾರ್ವರ್ಡ್ ನಮಗೆ ಬಂದ. ಎರಡೂ ಕಡೆ ಎನ್‌ಒಸಿ ಆಯಿತು. ಸೀಸನ್ ಮುಗಿಯುವಷ್ಟರಲ್ಲಿ ನಾವು ಕೆಳಗಿನ ಡಿವಿಷನ್ನಿಗೆ ಇಳಿದಿದ್ದೆವು. ಜನ ಬೈದದ್ದು ಆ ಕೊಡುಕೊಳ್ಳುವಿಕೆಗೆ. ಆದರೆ ನಾನು ಎಡವಿದ್ದು ಅಲ್ಲಲ್ಲ, ಅವನು ಬಂದ ಮೇಲೆ.

ಅವನನ್ನು ಬಯಸಿದ್ದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಕೊನೆಯ ಕ್ವಾರ್ಟರಿನಲ್ಲಿ ಗೆಲ್ಲುವ ಆಟಗಳನ್ನು ಕೈಬಿಟ್ಟಿದ್ದೆವು. ನಮ್ಮ ಸೆಂಟರ್ ಫಾರ್ವರ್ಡ್ ಚೆಂಡು ಕಳೆದುಕೊಂಡರೆ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಡುತ್ತಿದ್ದ. ಆಫ್‌ಸೈಡ್ ನಿಯಮ 1990ರ ದಶಕದ ಕೊನೆಗೇ ಹೋಗಿದೆ. ಎದುರಾಳಿಯ ಗೋಲಿನ ಹತ್ತಿರ ಎಷ್ಟು ಹೊತ್ತು ನಿಂತರೂ ಕೇಳುವವರಿಲ್ಲ. ಕೊಡಗಿನಿಂದ ಬಂದಿದ್ದ ಈ ಹೊಸಬ ಹಾಗಲ್ಲ. ಅಕ್ಕಿತಿಮ್ಮನಹಳ್ಳಿಯ ಟರ್ಫಿನಲ್ಲಿ ಅವನ ಆಟ ನೋಡಿದ್ದೆ. ಎದುರಾಳಿಯ ಬ್ಯಾಕ್‌ಗೆ ಚೆಂಡು ಸಿಕ್ಕ ಕೂಡಲೇ ಓಡುತ್ತಿದ್ದ; ಚೆಂಡಿನ ಮೇಲೆ ನೇರವಾಗಿ ಅಲ್ಲ, ಬಾಗಿ ಸುತ್ತಿಕೊಂಡು, ಸ್ಟಿಕ್ಕನ್ನು ನೆಲಕ್ಕೆ ಮಲಗಿಸಿ, ಮಧ್ಯದ ದಾರಿ ಮುಚ್ಚಿಕೊಂಡು. ಬ್ಯಾಕ್‌ಗೆ ಉಳಿಯುತ್ತಿದ್ದದ್ದು ಸೈಡ್‌ಲೈನ್ ಪಕ್ಕದ ಪಾಸ್ ಒಂದೇ. ಅದು ಎಲ್ಲಿಗೆ ಬೀಳುತ್ತದೆಂದು ಅವನ ತಂಡದ ಹಾಫ್‌ಗಳಿಗೆ ಮೊದಲೇ ಗೊತ್ತಿರುತ್ತಿತ್ತು. ಚೆಂಡು ಕಸಿಯುತ್ತಿದ್ದವರು ಹಾಫ್‌ಗಳು, ಗೋಲು ಹೊಡೆಯುತ್ತಿದ್ದವನು ಇನ್ಯಾರೋ. ಇವನ ಹೆಸರು ಎಲ್ಲೂ ಬರುತ್ತಿರಲಿಲ್ಲ. ಇಷ್ಟನ್ನು ಗಮನಿಸುವ ಕಣ್ಣು ನನಗಿತ್ತು ಎಂಬ ಹೆಮ್ಮೆಯೂ ಇತ್ತು.

ನಮ್ಮನ್ನು ಕೆಡಿಸಿದ್ದು ಒಂದು ಗೆಲುವು. ಅವನ ಮೊದಲ ಪಂದ್ಯದಲ್ಲೇ ನಾವು ಒಂದು ಗೋಲಿನಿಂದ ಮುಂದಿದ್ದೆವು. ಮೂರನೇ ಕ್ವಾರ್ಟರಿನಲ್ಲಿ ನನಗೆ ಹಳೆಯ ಭಯ ಹಿಡಿಯಿತು. ‘ಹಿಂದೆ ಬಾ, ಹಿಂದೆ ಬಾ’ ಎಂದು ಸೈಡ್‌ಲೈನಿನಿಂದ ಕೂಗಿದೆ. ಬಂದ. ನಮ್ಮ ಗೋಲಿನ ಮುಂದಿನ ಅರ್ಧವೃತ್ತ, ಅಂದರೆ ಡಿ ಮುಂದೆ ನಿಂತು ಗುದ್ದಾಡಿದ. 1–0ರಲ್ಲಿ ಗೆದ್ದೆವು. ಮರುದಿನದಿಂದ ಅದೇ ನಮ್ಮ ಪದ್ಧತಿಯಾಯಿತು: ಮುಂದಿದ್ದೇವೆಯೇ, ಅವನು ಹಿಂದೆ, ಸಮವಾಗಿದ್ದೇವೆಯೇ, ಆಗಲೂ ಹಿಂದೆ.

ಮುಂದೆ ನಿಂತು ಚೆಂಡು ಕಸಿಯುವವನ ಕೈಗೆ ಒಂದು ಅಭ್ಯಾಸ ಕೂತಿರುತ್ತದೆ. ನುಗ್ಗುತ್ತಾನೆ, ಸ್ಟಿಕ್ ಚಾಚುತ್ತಾನೆ. ತಪ್ಪಿ ಎದುರಾಳಿಯ ಸ್ಟಿಕ್ಕಿಗೋ ಕಾಲಿಗೋ ತಗುಲಿದರೆ ಫ್ರೀ ಹಿಟ್. ನಮ್ಮ ಗೋಲಿನಿಂದ ಅರವತ್ತು, ಎಪ್ಪತ್ತು ಮೀಟರ್ ದೂರದಲ್ಲಿ ಅದರಿಂದ ನಷ್ಟವೇನಿಲ್ಲ. ಅದೇ ತಪ್ಪು ನಮ್ಮ ಡಿ ಒಳಗೆ ಆದರೆ ಪೆನಾಲ್ಟಿ ಕಾರ್ನರ್. ಡಿ ಹೊರಗಿದ್ದರೂ, ನಮ್ಮ 23 ಮೀಟರ್ ಗೆರೆಯ ಒಳಗೆ ಬೇಕೆಂದೇ ಮಾಡಿದ ತಪ್ಪು ಎಂದು ಅಂಪೈರಿಗೆ ಕಂಡರೆ ಆಗಲೂ ಕಾರ್ನರ್. ಫುಲ್‌ಬ್ಯಾಕ್ ಆದವನು ತಡೆದು ನಿಲ್ಲುತ್ತಾನೆ, ಎದುರಾಳಿ ತಪ್ಪುವವರೆಗೆ ಕಾಯುತ್ತಾನೆ. ನಮ್ಮ ಹುಡುಗನಿಗೆ ಕಾಯಲು ಬರುತ್ತಿರಲಿಲ್ಲ. ಕಾಯದಿರುವುದೇ ಅವನ ವಿದ್ಯೆಯಾಗಿತ್ತು. ಪಂದ್ಯದಿಂದ ಪಂದ್ಯಕ್ಕೆ ಕಾರ್ನರ್‌ಗಳು ಹೆಚ್ಚಿದವು. ಕಾರ್ನರ್ ತಡೆಯಲು ಗೋಲಿಯೂ ಸೇರಿ ಐವರೇ. ಮಿಕ್ಕವರೆಲ್ಲ ಸೆಂಟರ್ ಲೈನ್ ಆಚೆ ಹೋಗಬೇಕು. ಡ್ರ್ಯಾಗ್ ಫ್ಲಿಕ್ಕಿಗೆ ಎದುರಾಗಿ ಓಡಬಲ್ಲ ಧೈರ್ಯಸ್ಥರು ನಮ್ಮಲ್ಲಿ ಕಡಿಮೆ. ನಾವು ತಿಂದ ಗೋಲುಗಳಲ್ಲಿ ಹೆಚ್ಚಿನವು ಹೀಗೆ ಬಂದವು.

ಮೇಲೆ ಯಾರೂ ಇಲ್ಲದ್ದರಿಂದ ಇನ್ನೊಂದು ಕೆಡುಕಾಯಿತು. ಎದುರಾಳಿಯ ಬ್ಯಾಕ್‌ಗಳು ಆರಾಮವಾಗಿ ಸೆಂಟರ್ ಲೈನ್‌ವರೆಗೆ ಬಂದು ನಿಂತರು. ನಾವು ಹೊರಗೆ ಹೊಡೆದ ಚೆಂಡು ಅವರಿಗೇ ಸಿಕ್ಕಿ ಅಷ್ಟೇ ಬೇಗ ವಾಪಸ್ ಬರುತ್ತಿತ್ತು. ಅದನ್ನು ಹಿಡಿದು ಎರಡು ಕ್ಷಣ ಇಟ್ಟುಕೊಳ್ಳಬೇಕಾದವನು ನಮ್ಮ ಡಿ ಮುಂದೆ ಏದುಸಿರು ಬಿಡುತ್ತಿದ್ದ.

ಒಂದು ಸಂಜೆ ಪ್ರಾಕ್ಟೀಸ್ ಮುಗಿದ ಮೇಲೆ ಅವನೇ ಬಂದು ಹೇಳಿದ: ‘ಸಾರ್, ನನ್ನನ್ನ ಮುಂದೇನೇ ಬಿಡಿ. ಆದ್ರೆ ನಾನೊಬ್ಬನೇ ಓಡಿದ್ರೆ ಆಗಲ್ಲ. ಹಾಫ್‌ಗಳೂ ನನ್ನ ಹಿಂದೇನೇ ಮೇಲೆ ಬರಬೇಕು.’

‘ನಿನ್ನನ್ನ ತಂದಿರೋದೇ ಡಿಫೆನ್ಸ್‌ಗೆ ಕಣಪ್ಪ’ ಎಂದೆ. ಅವನು ಮತ್ತೆ ಆ ಮಾತೆತ್ತಲಿಲ್ಲ. ನಾನು ಅದನ್ನು ವಿಧೇಯತೆ ಎಂದುಕೊಂಡೆ.

ಅವನು ಕೇಳಿದ್ದನ್ನು ಕೊಡುವುದು ಸುಲಭವಿರಲಿಲ್ಲ, ನಿಜ. 1884ರಲ್ಲಿ ಶುರುವಾದ ಬಿನ್ನಿ ಮಿಲ್ಲಿನ ಜಾಗದಲ್ಲಿ ಈಗ ಅಪಾರ್ಟ್‌ಮೆಂಟು, ಮಾಲ್ ಎದ್ದಿವೆ. ನಮ್ಮ ಸುತ್ತಮುತ್ತ ಹುಡುಗರು ಓಡುವ ನೆಲ ಕಡಿಮೆ. ಹಾಕಿ ಮೈದಾನದ ಉದ್ದ 91.4 ಮೀಟರ್. ನಾವು ಆಡುತ್ತಿದ್ದ ಮಣ್ಣಿನ ಜಾಗ ಅದರ ಅರ್ಧವೂ ಇರಲಿಲ್ಲ. ಪ್ರೆಸ್ ಮಾಡುವುದೆಂದರೆ ಮೂರು ಸಾಲೂ ಒಟ್ಟಿಗೆ ಮೇಲೇರಬೇಕು, ಸಾಲುಗಳ ನಡುವೆ ಬಿರುಕು ಬೀಳಬಾರದು. ಅರ್ಧ ಮೈದಾನದಲ್ಲಿ ಆ ಅಂತರ ಕಾಲಿಗೆ ಕೂರುವುದಿಲ್ಲ. ಮಣ್ಣಿನಲ್ಲಿ ಚೆಂಡು ಪುಟಿಯುವುದರಿಂದ ಯಾವ ಬ್ಯಾಕೂ ಅಡ್ಡ ಪಾಸ್ ಕೊಡುವ ಸಾಹಸ ಮಾಡುವುದಿಲ್ಲ, ಕಣ್ಣುಮುಚ್ಚಿ ಮುಂದಕ್ಕೆ ಬಾರಿಸುತ್ತಾನೆ. ಹಾಗಾಗಿ ಅಡ್ಡ ಪಾಸ್ ಮುಚ್ಚುವ ಅಗತ್ಯವನ್ನೇ ನಮ್ಮವರು ಕಂಡವರಲ್ಲ. ಪಂದ್ಯ ಮಾತ್ರ ಟರ್ಫಿನ ಮೇಲೆ.

ಬೆಂಚಿನ ಕಥೆಯೂ ಅಷ್ಟೇ. 1992ರಿಂದ ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು. ದೊಡ್ಡ ತಂಡಗಳ ಫಾರ್ವರ್ಡ್‌ಗಳು ಕೆಲವೇ ನಿಮಿಷ ಜೀವ ಬಿಟ್ಟು ಓಡಿ ಹೊರಗೆ ಬರುತ್ತಾರೆ, ಉಸಿರು ಹಿಡಿದು ಮತ್ತೆ ಒಳಗೆ ಹೋಗುತ್ತಾರೆ. ನಮ್ಮ ಹುಡುಗರಲ್ಲಿ ಅರ್ಧ ಜನ ಡ್ಯೂಟಿ ಮುಗಿಸಿಕೊಂಡು ಆಟ ಶುರುವಾದ ಮೇಲೆ ಬರುವವರು. ಹಾಗಾಗಿ ಆ ಹೊಸಬನನ್ನು ನಾಲ್ಕು ಕ್ವಾರ್ಟರೂ ಹೊರಗೆ ತೆಗೆಯಲಿಲ್ಲ. ಕೊನೆಯ ಹದಿನೈದು ನಿಮಿಷಕ್ಕೆಂದು ತಂದವನು ಆ ಹದಿನೈದು ನಿಮಿಷಕ್ಕೆ ಮೊದಲೇ ಖಾಲಿಯಾಗಿರುತ್ತಿದ್ದ.

ಅಮೆರಿಕ, ಕೆನಡಾಗಳ ಐಸ್ ಹಾಕಿಯಲ್ಲಿ ಇಂಥ ಆಟಗಾರನಿಗೆಂದೇ ಪ್ರಶಸ್ತಿಯಿದೆ: 1978ರಿಂದ ಕೊಡುತ್ತಿರುವ ಸೆಲ್ಕಿ ಟ್ರೋಫಿ, ರಕ್ಷಣೆಯಲ್ಲಿ ಮಿಗಿಲಾದ ಫಾರ್ವರ್ಡ್‌ಗೆ. 2018ರ ಜುಲೈ 1ರಂದು ಸೇಂಟ್ ಲೂಯಿಸ್ ಬ್ಲೂಸ್ ತಂಡ ಮೂವರು ಆಟಗಾರರನ್ನೂ ಮುಂದಿನ ವರ್ಷಗಳ ಡ್ರಾಫ್ಟ್‌ಗಳ ಎರಡು ಆಯ್ಕೆಗಳನ್ನೂ ಕೊಟ್ಟು ಬಫಲೋದಿಂದ ರಯಾನ್ ಓ’ರೈಲಿಯನ್ನು ತಂದಿತು. ಅವನು ಬಂದ ಮೇಲೂ, 2019ರ ಜನವರಿ ಮೊದಲ ವಾರದಲ್ಲಿ, ಆ ತಂಡ 31 ತಂಡಗಳಲ್ಲಿ ಕಟ್ಟಕಡೆಗಿತ್ತು. ಅಷ್ಟರಲ್ಲಿ ಕೋಚ್ ಬದಲಾಗಿದ್ದ, ಹೊಸ ಗೋಲಿಯೊಬ್ಬ ಬಂದ, ಎದುರಾಳಿಯ ಮೂಲೆಯಲ್ಲೇ ಒತ್ತಡ ಹಾಕುವ ಆಟ ಗಟ್ಟಿಯಾಯಿತು. ಜೂನ್‌ನಲ್ಲಿ ಅದೇ ತಂಡ ತನ್ನ ಮೊದಲ ಸ್ಟ್ಯಾನ್ಲಿ ಕಪ್ ಎತ್ತಿತು. ಓ’ರೈಲಿಗೆ ಸೆಲ್ಕಿಯೂ ಬಂತು, ಪ್ಲೇ ಆಫ್‌ನ ಶ್ರೇಷ್ಠ ಆಟಗಾರನ ಗೌರವವೂ ಬಂತು. ಚಳಿಗಾಲದ ನಡುವೆ ಯಾರಾದರೂ ಆ ವ್ಯವಹಾರಕ್ಕೆ ಅಂಕ ಹಾಕಿದ್ದರೆ ಸೊನ್ನೆ ಕೊಡುತ್ತಿದ್ದರು. ಆಟಗಾರ ಅವನೇ, ಸುತ್ತಲಿನ ಜೋಡಣೆ ಬೇರೆಯಾಯಿತು.

ನಮ್ಮ ಹುಡುಗ ಬೆಳೆದದ್ದು ಕೊಡವ ಕೌಟುಂಬಿಕ ಹಾಕಿಯಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಆ ಉತ್ಸವದಲ್ಲಿ ತಂಡವೆಂದರೆ ಒಕ್ಕ, ಒಂದೇ ಮನೆತನದವರು. ಹೊರಗಿನಿಂದ ಬೇಕಾದವನನ್ನು ತರುವ ಮಾತೇ ಇಲ್ಲ. ಒಬ್ಬನಿಗೆ ಓಡಲು ಬರುತ್ತದೆ, ಇನ್ನೊಬ್ಬನಿಗೆ ಹೊಡೆಯಲು. ಅಂಥವರನ್ನೇ ಹೇಗೆ ನಿಲ್ಲಿಸಬೇಕೆಂದು ಯೋಚಿಸದೆ ವಿಧಿಯಿಲ್ಲ. ನಾನು ಅವನನ್ನು ತಂದುಬಿಟ್ಟಿದ್ದರಿಂದಲೇ ನನ್ನ ಯೋಚನೆ ಅಲ್ಲಿಗೆ ಮುಗಿದಿತ್ತು. ಬೇಕಾದದ್ದು ಸಿಕ್ಕಿದೆ, ಇನ್ನು ಮಿಕ್ಕದ್ದೆಲ್ಲ ತಾನಾಗಿ ಆಗುತ್ತದೆ ಎಂದುಕೊಂಡಿದ್ದೆ.

ಅವನು ಈಗ ಒಂದು ಇಲಾಖೆಯ ತಂಡದಲ್ಲಿದ್ದಾನೆ, ಮುಂದೆಯೇ ಆಡುತ್ತಾನೆ. ನಾವು ಈಗ ಇರುವ ಹುಡುಗರಿಗೇ ಪ್ರೆಸ್ ಕಲಿಸುತ್ತಿದ್ದೇವೆ. ಟರ್ಫ್ ಸಿಕ್ಕ ಹೊತ್ತನ್ನು ಗೋಲು ಹೊಡೆಯುವ ಅಭ್ಯಾಸಕ್ಕೆ ಕಳೆಯದೆ, ಮೂರು ಸಾಲೂ ಒಟ್ಟಿಗೆ ಮೇಲೇರುವುದಕ್ಕೇ ಮೀಸಲಿಡುತ್ತೇವೆ. ಫಾರ್ವರ್ಡ್ ಮಾಡುವ ರಕ್ಷಣೆ ಎದುರಾಳಿಯ 23 ಮೀಟರ್ ಗೆರೆಯ ಬಳಿಯ ಕೆಲಸ. ನಮ್ಮ ಡಿಯಲ್ಲಿ ಬಂದು ಟ್ಯಾಕಲ್ ಮಾಡಿದ ಫಾರ್ವರ್ಡನ್ನು ಈಗ ಹೊರಗೆ ಕರೆದು ಕೂರಿಸುತ್ತೇನೆ.

ಅದೇ ವಿನಿಮಯ ನಾಳೆ ಮತ್ತೆ ಎದುರು ಬಂದರೂ ಒಪ್ಪಿಕೊಳ್ಳುತ್ತೇನೆ. ಆದರೆ ಎನ್‌ಒಸಿಗೆ ಓಡಾಡುವ ಮೊದಲು ನಮ್ಮ ಮೂವರು ಹಾಫ್‌ಗಳನ್ನು ಕೂರಿಸಿಕೊಂಡು, ಇವನ ಹಿಂದೆ ನೀವು ಎಲ್ಲಿಯವರೆಗೆ ಬರುತ್ತೀರಿ ಎಂದು ಕೇಳುತ್ತೇನೆ. ಉತ್ತರ ಸೆಂಟರ್ ಲೈನ್ ದಾಟದಿದ್ದರೆ, ಗೋಲು ಹೊಡೆಯುವ ಹುಡುಗನನ್ನೇ ಉಳಿಸಿಕೊಳ್ಳುವುದು ಮೇಲು.